ಐದನೇ ಗುಂಡಿ

"ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಹೊರಳಾಡೋ ಜನ ನೀವು. ಒಂದು ಚೂರು ಬಾಯಿಗೆ ಹಾಕ್ಕೊಳ್ಳೋಕೆ ಏನೇ ನಿಂಗೆ ಬಿಂಕ? ತಿನ್ನೇ, ಮುಂಡೆ."

ಧಣಿ ಸಿಗಡಿ ಹೊಂಡದ ಒಡ್ಡಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಒಡ್ಡಿನ ಬುಡಕ್ಕೇ ಗುಂಡಿ. ಗುಂಡಿಯೊಳಗೆ ಎದೆಮಟ್ಟ ಇಳಿದು ಹಾರೆ ನಿಂತಿದ್ದಳು. ಹಾರೆ ಅಂದರೆ ಹೆಂಗಸು. ಎತ್ತರಕ್ಕೆ, ಸಣಕಲಾಗಿ, ಬೆನ್ನು ಬಾಗಿಸದೆ ನಡೆಯುತ್ತಾಳೆ ಎಂದು ಅವಳ ಅಕ್ಕಪಕ್ಕದ ಸಾಲುಮನೆಯವರು ಇಟ್ಟ ಹೆಸರು ಅದು. ಈಗ ಅವಳ ಅತ್ತೆಯೂ ಹಾಗೇ ಕೂಗುತ್ತಾಳೆ.

ಮಣ್ಣು ತಿನ್ನುವ ಮಾತು ಬಂದದ್ದು ಯಂತ್ರ ಕೆಟ್ಟದ್ದರಿಂದ. ಮಣ್ಣು ಪರೀಕ್ಷೆಯ ಸಾಹೇಬ ಪೆನ್ನಿನಂಥದ್ದೊಂದನ್ನು ತಂದಿದ್ದ, ಉಪ್ಪು ಎಷ್ಟಿದೆ ಎಂದು ತೋರಿಸುವಂಥದ್ದು. ಅದು ಬೆಳಗಿನಿಂದ ಸೊನ್ನೆ ಬಿಟ್ಟು ಬೇರೇನೂ ತೋರಿಸಿರಲಿಲ್ಲ. ಅವನು ಅದನ್ನು ಕುಲುಕಿದ, ಪ್ಯಾಂಟಿಗೆ ಉಜ್ಜಿದ, ಇನ್ನೊಂದು ಆಫೀಸಿನಲ್ಲಿದೆ, ನಾಳೆ ತರುತ್ತೇನೆ ಎಂದ. ಇವಳ ನಾಲಿಗೆ ಇಲ್ಲೇ ಇರುವಾಗ ನಾಳೆ ಯಾಕೆ ಎಂದ ಧಣಿ.

ಸಾಹೇಬ ಕೆಟ್ಟವನಲ್ಲ. ಮೂವತ್ತರ ಆಸುಪಾಸು, ಮೆತ್ತಗಿನ ಮಾತು. ಅವನ ತಲೆಗೆ ಬಿಸಿಲು ತಾಗದ ಹಾಗೆ ಕೊಡೆ ಹಿಡಿದು ನಿಂತಿದ್ದವನು ಹಾರೆಯ ಗಂಡ. ಹೊಂಡದ ಕೆಲಸದವನು, ಉಪ್ಪು ನೀರಿನಲ್ಲಿ ನಿಂತು ನಿಂತು ಅವನ ಪಾದಗಳು ಬಿರಿದು ಹುಣ್ಣಾಗಿದ್ದವು. ಅವನು ಹೆಂಡತಿಯ ಕಡೆ ನೋಡಲಿಲ್ಲ.

ಹಾರೆ ಗುಂಡಿಯ ಗೋಡೆಯಿಂದ ಒಂದು ಚಿಟಿಕೆ ಕಿತ್ತು ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪು," ಎಂದಳು.

"ಎಷ್ಟಮ್ಮ? ಸ್ವಲ್ಪಾನೋ, ಜಾಸ್ತೀನೋ?" ಸಾಹೇಬ ಕೇಳಿದ.

"ಹೊಂಡದ ನೀರು ಎಷ್ಟು ಉಪ್ಪೋ ಅಷ್ಟೇ ಸಾಹೇಬ್ರೇ. ಅದೇ ಅಲ್ವಾ ಇಲ್ಲಿ ಒಸರೋದು."

"ಕೇಳಿದ್ದಕ್ಕೆ ಬೊಗಳು ಸಾಕು," ಎಂದ ಧಣಿ. ಸಾಹೇಬ 'ಅತಿ ಹೆಚ್ಚು' ಎಂದು ಬರೆದುಕೊಂಡ.

ಆಮೇಲೆ ಅವನು ಬಣ್ಣದ ಚೂರುಗಳಿದ್ದ ಪುಸ್ತಕ ತೆಗೆದು, ಗುಂಡಿಯ ಮಣ್ಣನ್ನು ಒಂದೊಂದು ಬಣ್ಣದ ಪಕ್ಕ ಹಿಡಿದು ನೋಡಿದ. ಬೂದು. ಕೆಳಗೆ ನೀಲಿ ತಿರುಗಿದ ಬೂದು. ಹಾರೆಯ ಮೊಣಕಾಲಿನ ತನಕ ಆಗಲೇ ನೀರು ಒಸರಿತ್ತು. ಕೊಳೆತ ಮೊಟ್ಟೆಯ ನಾತ ಮೇಲೆದ್ದು ಸಾಹೇಬ ಕರವಸ್ತ್ರ ಮೂಗಿಗೆ ಹಿಡಿದ.

"ಈ ಮಣ್ಣಿನ ಸ್ವಭಾವವೇ ಹೀಗೆ ನೋಡಿ," ಎಂದು ಯಾರಿಗೆಂದಿಲ್ಲದೆ ಹೇಳಿದ. "ಸಮುದ್ರದ ಮಟ್ಟಕ್ಕಿಂತ ತಗ್ಗು. ಜೇಡಿ. ಬಿದ್ದ ನೀರು ಆಚೆಗೆ ಬಸಿದು ಹೋಗಲ್ಲ. ಬೇಸಿಗೇಲಿ ಉಪ್ಪು ಮೇಲೆ ಏಳುತ್ತೆ."

"ಬರ್ಕೊಳ್ಳಿ ಸರ್," ಎಂದ ಧಣಿ. "ದೇವರು ಮಾಡಿದ್ದೇ ಹೀಗೆ. ನಮ್ಮಜ್ಜನ ಕಾಲದಿಂದ ಒಂದು ಹುಲ್ಲುಕಡ್ಡಿ ಹುಟ್ಟಿಲ್ಲ."

ಹಾರೆಗೆ ಬಾಯಲ್ಲಿದ್ದ ಮಣ್ಣು ಉಗಿಯಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಅವಳು ಮದುವೆಯಾಗಿ ಬಂದ ವರ್ಷ ಇಲ್ಲಿ ಬತ್ತದ ಪೈರು ಎದೆಮಟ್ಟ ನಿಂತಿತ್ತು. ಉಪ್ಪು ಆಗಲೂ ಇತ್ತು. ಇಲ್ಲ ಎಂದವರು ಯಾರು. ಬೇಸಿಗೆಯಲ್ಲಿ ನೆಲ ಬೆಳ್ಳಗೆ ಹೊಪ್ಪಳೆಯೇಳುತ್ತಿತ್ತು, ನಡೆದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆದರೆ ಮಾವ, ಮಾವನ ಅಪ್ಪ, ಅವರಪ್ಪ ಸೇರಿ ಬಸಿಗಾಲುವೆ ತೋಡಿದ್ದರು. ಕಾಲುವೆಯ ಕೊನೆಗೆ ಒಂದು ತೂಬು, ತೂಬಿಗೆ ತೂಗುವ ಮರದ ಹಲಗೆ. ಸಮುದ್ರ ಉಬ್ಬಿದಾಗ ಹಲಗೆ ತಾನೇ ಮುಚ್ಚಿಕೊಳ್ಳುವುದು. ಇಳಿದಾಗ ಒಳಗಿನ ನೀರೇ ಅದನ್ನು ನೂಕಿಕೊಂಡು ಆಚೆ ಹೋಗುವುದು. ಮೊದಲ ಎರಡು ತಿಂಗಳ ಮಳೆಗೆ ಯಾರೂ ನಾಟಿ ಮಾಡುತ್ತಿರಲಿಲ್ಲ. ಮಣ್ಣು ಬರೀ ಕಲಕಿ ಬಿಡುವುದು, ಮಳೆ ನೀರು ಉಪ್ಪನ್ನು ತೊಳೆದುಕೊಂಡು ಹೋಗುವುದು. ಮೂರನೇ ತಿಂಗಳು ನಾಲಿಗೆಗಿಟ್ಟು ನೋಡಿ, ಸಪ್ಪೆ ಅನ್ನಿಸಿದ ಮೇಲೆ ಸಸಿ ಇಳಿಸುವುದು. ಬೆಳೆದದ್ದರಲ್ಲಿ ಅರ್ಧ ಧಣಿಯ ಅಪ್ಪನ ಕಣಜಕ್ಕೇ ಹೋಗುತ್ತಿತ್ತು.

ನಾಲ್ಕು ವರ್ಷದ ಕೆಳಗೆ ಈ ಧಣಿ ಸಿಗಡಿ ಹೊಂಡ ಮಾಡಿದ. ಹೊಂಡದ ಒಡ್ಡು ಬಸಿಗಾಲುವೆಯ ಬಾಯಿಗೇ ಅಡ್ಡ ಬಿತ್ತು. ತೂಬಿನ ಹಲಗೆಯನ್ನು ಅವನ ಆಳುಗಳು ಕಿತ್ತು ಒಯ್ದರು, ಹೊಂಡಕ್ಕೆ ಉಪ್ಪು ನೀರು ಬರಲಿ ಎಂದು. ಮೊದಲ ವರ್ಷ ಪೈರು ಕೆಂಪಾಯಿತು. ಎರಡನೇ ವರ್ಷ ಮೊಳಕೆಯೇ ಬರಲಿಲ್ಲ. ಈಗ ಸರ್ಕಾರದ ಕಾಗದ ಬೇಕಾಗಿತ್ತು ಅವನಿಗೆ: ಈ ನೆಲ ಮೊದಲಿನಿಂದಲೂ ಸವಳು, ಜೌಗು, ಇಲ್ಲಿ ಉತ್ತವರಿಲ್ಲ, ಬಿತ್ತಿದವರಿಲ್ಲ ಎಂದು. ಉತ್ತವರೇ ಇಲ್ಲದ ಮೇಲೆ ನೆಲದ ಮೇಲೆ ಯಾರ ಹಕ್ಕು? ಸಾಲುಮನೆಯ ಹನ್ನೊಂದು ಮನೆ ಎಬ್ಬಿಸಿ ಅಲ್ಲಿಗೂ ಹೊಂಡ ಬೆಳೆಸಬಹುದು.

ಸಾಲುಮನೆಯಿಂದ ಆಚೆ ಹೋಗಲು ಹೊಂಡದ ಒಡ್ಡೊಂದೇ ದಾರಿ. ಒಡ್ಡಿಗೆ ಕಬ್ಬಿಣದ ಗೇಟು. ಕುಡಿಯುವ ನೀರಿನ ನಲ್ಲಿ ಗೇಟಿನ ಆಚೆ. ಬೀಗದಕೈ ಧಣಿಯ ಬಳಿ. ಹಾಗಾಗಿಯೇ, ಗುಂಡಿ ತೆಗೆಯಲು ಆಳು ಬೇಕು ಎಂದು ಅವನು ಹೇಳಿಕಳಿಸಿದಾಗ ಹಾರೆ ಸನಿಕೆ ಹಿಡಿದು ಬಂದದ್ದು.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಗುಂಡಿಯಾಯಿತು. ನಾಲ್ಕನ್ನೂ ಧಣಿ ಬೆರಳು ತೋರಿಸಿದಲ್ಲೇ ತೆಗೆಸಿದ, ಒಡ್ಡಿನ ಬುಡಕ್ಕೆ, ಹೊಂಡದ ನೀರು ಜಿನುಗುವಲ್ಲಿ. ಆಮೇಲೆ ಊಟಕ್ಕೆಂದು ಕಾರು ಹತ್ತಿ ಹೋದ.

ಸಾಹೇಬ ನಕ್ಷೆ ಬಿಡಿಸಿ ನೋಡಿ ಗಡಿಯಾರ ನೋಡಿದ. "ಇನ್ನೊಂದು ಬಾಕಿ ಇದೆ. ಆ ಮನೆಗಳ ಹಿಂದೆ ಎಲ್ಲೋ ಗುರುತಿದೆ. ಬೇಗ ತೆಗೀತೀಯೇನಮ್ಮ?"

ಹಾರೆ ನಕ್ಷೆ ನೋಡಲಿಲ್ಲ. ನೆಟ್ಟಗೆ ತನ್ನ ಮನೆಯ ಹಿತ್ತಿಲಿಗೆ ನಡೆದಳು. ಒಂದು ಕಾಲಕ್ಕೆ ಅದು ಸಸಿಮಡಿ. ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರ. ಹಿಂಬಾಗಿಲ ಹೊಸ್ತಿಲಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದಳು.

"ಏನೇ ಇದು, ನಮ್ಮನೆ ಬುಡಕ್ಕೇ ಬಂದ್ಯಾ?"

"ಸುಮ್ನಿರಿ ಅತ್ತೆ."

ಅವಳು ಉಸಿರು ಕಟ್ಟಿ ಅಗೆದಳು. ಸನಿಕೆಗೆ ಮಣ್ಣು ಅಂಟದ ಹಾಗೆ ನಾಲ್ಕು ಹೊಡೆತಕ್ಕೊಮ್ಮೆ ಬಕೆಟ್ಟಿನ ನೀರಿಗೆ ಅದ್ದಿಕೊಳ್ಳುತ್ತ, ಒಂದು ಕಡೆಯ ಗೋಡೆಯನ್ನು ಕತ್ತರಿಸಿದ ಹಾಗೆ ನೆಟ್ಟಗೆ ಇಳಿಸಿದಳು. ಮೇಲಿನ ನಾಲ್ಕು ಬೆರಳು ಬೂದು ಮಣ್ಣು, ಉಪ್ಪಿನ ಹೊಪ್ಪಳೆ. ಅದರ ಕೆಳಗೆ ಒಂದು ಗೇಣು ಕಪ್ಪು. ಆ ಕಪ್ಪು ಒಡ್ಡಿನ ಬುಡದಲ್ಲಿ ಎಲ್ಲೂ ಕಂಡಿರಲಿಲ್ಲ, ಅಲ್ಲಿಯ ಮೇಲ್ಮಣ್ಣೆಲ್ಲ ಒಡ್ಡು ಕಟ್ಟಲು ಹೋಗಿತ್ತು. ಹಿಡಿದರೆ ಪುಡಿಯಾಗುವ ಮಣ್ಣು, ಅದರೊಳಗೆಲ್ಲ ತುಕ್ಕಿನ ಬಣ್ಣದ ಸಣ್ಣ ಸಣ್ಣ ಎಳೆಗಳು. ಆಮೇಲೆ ಹಲಗೆಯ ಹಾಗೆ ಗಟ್ಟಿ ಪದರ. ಅದನ್ನು ಒಡೆದ ಮೇಲೆ ನೀಲಿ ಜೇಡಿ, ಅದೇ ನಾತ, ತಳದಲ್ಲಿ ಒಸರುವ ನೀರು.

ಸಾಹೇಬ ಬಗ್ಗಿ ನೋಡಿದ. ಕರವಸ್ತ್ರ ಜೇಬಿಗಿಟ್ಟುಕೊಂಡ. ಮಂಡಿಯೂರಿ, ಪ್ಯಾಂಟಿಗೆ ಕೆಸರಾದದ್ದು ನೋಡದೆ, ಚಾಕುವಿನ ತುದಿಯಿಂದ ಕಪ್ಪು ಪದರವನ್ನು ಕೆದಕಿದ. ಹೊಟ್ಟು ಸಿಕ್ಕಿತು. ಕಪ್ಪಾದ ಹುಲ್ಲಿನ ತುಂಡು. ಬತ್ತದ ಕೂಳೆಯ ಬೇರಿನ ಗಂಟು.

"ಇದು ಉಳುಮೆ ಆದ ಪದರ," ಎಂದ. ಬಾಯಿ ತಪ್ಪಿ ಬಂದ ಹಾಗಿತ್ತು. "ಕೆಳಗಿರೋ ಗಟ್ಟಿ ಹಾಸು, ತುಳಿದು ತುಳಿದು ಆಗಿರೋದು. ಹತ್ತಿಪ್ಪತ್ತು ವರ್ಷಕ್ಕೆ ಆಗಲ್ಲ ಇದು."

"ಮೂರು ತಲೆಮಾರು," ಎಂದಳು ಅತ್ತೆ ಹೊಸ್ತಿಲಿಂದ. "ನಾಟಿ ಮಾಡಿ ಮಾಡಿ ನನ್ನ ಕಾಲಿನ ಉಗುರು ಅದ್ರೊಳಗೇ ಇದೆ, ಹುಡುಕಿ ನೋಡು."

"ಬರ್ಕೊಳ್ಳಿ ಸಾಹೇಬ್ರೇ," ಎಂದಳು ಹಾರೆ.

ಸಾಹೇಬ ವರದಿಯ ಹಾಳೆ ತಿರುಗಿಸಿದ. ಪೆನ್ನಿನ ತುದಿ ಒಂದೊಂದು ಸಾಲಿನ ಮೇಲೂ ನಿಂತು ಮುಂದಕ್ಕೆ ಹೋಯಿತು. ಬಣ್ಣ. ಉಪ್ಪು. ನೀರು ಸಿಗುವ ಆಳ.

"ಇದನ್ನ ಬರೆಯೋಕೆ ಇದರಲ್ಲಿ ಕಾಲಂ ಇಲ್ಲಮ್ಮ," ಎಂದ.

ಅಷ್ಟರಲ್ಲಿ ಕಾರು ಬಂತು. ಧಣಿ ಸನಿಕೆ ಹೊತ್ತ ಇಬ್ಬರು ಹೊಂಡದ ಆಳುಗಳೊಂದಿಗೆ ಹಿತ್ತಿಲಿಗೆ ಬಂದು ಗುಂಡಿ ನೋಡಿದ. ಗುಂಡಿಯ ಗೋಡೆ ನೋಡಿದ. ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ, ಅವನೂ ಇಲ್ಲೇ ಬೆಳೆದವನು.

"ಯಾವ ಬೋಳಿಮಗ ಹೇಳಿದ ನಿಂಗೆ ಇಲ್ಲಿ ಅಗೀ ಅಂತ?"

"ನಕ್ಷೇಲಿತ್ತು ಸರ್," ಎಂದ ಸಾಹೇಬ. "ನಾಳೆ ಬೆಳಿಗ್ಗೆ ನಮ್ಮ ದೊಡ್ಡ ಸಾಹೇಬರು ಬಂದು ಗುಂಡಿಗಳನ್ನ ಕಣ್ಣಾರೆ ನೋಡ್ತಾರೆ. ಹಾಗಾಗಿ..."

"ನಾಲ್ಕಿದೆಯಲ್ಲ, ನೋಡ್ಲಿ. ಇದನ್ನ ಮುಚ್ಚಿಸ್ತೀನಿ. ಮನೆ ಹತ್ರ ಗುಂಡಿ, ಮಕ್ಕಳುಮರಿ ಬಿದ್ದಾವು."

ಧಣಿ ಸಾಹೇಬನ ಕೈಯಿಂದ ಹಾಳೆ ತೆಗೆದುಕೊಂಡು ಕೊನೆಯ ಸಾಲು ತಾನೇ ಓದಿದ: "ಸದರಿ ಜಮೀನಿನಲ್ಲಿ ಯಾವ ಕಾಲಕ್ಕೂ ಸಾಗುವಳಿ ಆಗಿರುವುದಿಲ್ಲ. ಗುಂಡಿ ತೆಗೆದವರ ಸಹಿ ಅಥವಾ ಹೆಬ್ಬೆಟ್ಟು." ಆಮೇಲೆ ಹಾರೆಯ ಕಡೆ ತಿರುಗಿದ. "ಬಾ, ಒತ್ತು."

ಹಾರೆ ಗುಂಡಿಯಿಂದ ಮೇಲೆ ಬರಲಿಲ್ಲ.

"ಒತ್ತಲ್ಲ."

"ಏನಂದೆ?"

"ಸುಳ್ಳಿಗೆ ಒತ್ತಲ್ಲ ಅಂದೆ. ಗುಂಡೀನೂ ಮುಚ್ಚಲ್ಲ. ದೊಡ್ಡ ಸಾಹೇಬ್ರು ನೋಡ್ಲಿ."

ಗಂಡ ಕೊಡೆ ಮಡಚಿ ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತ. ದನಿ ಇಳಿಸಿದ. "ಒತ್ತಿಬಿಡೇ. ಒಂದು ಬೆರಳು ತಾನೇ. ನಾಳೆ ನಲ್ಲಿ ಬಂದ್ ಮಾಡ್ತಾನೆ, ಅವ್ವಂಗೆ ಏನು ಕುಡಿಸ್ತೀಯಾ? ಇವನನ್ನ ಎದುರು ಹಾಕ್ಕೊಂಡು ಎಲ್ಲಿಗೆ ಹೋಗೋಣ ಹೇಳು."

"ಒತ್ತಿದ್ರೆ ಎಲ್ಲಿಗೆ ಹೋಗೋಣ, ಅದನ್ನ ನೀನು ಹೇಳು."

ಅವನು ಕೊಡೆಯನ್ನು ನೆಲಕ್ಕೂರಿ ಎದ್ದು ನಿಂತ.

"ಮುಚ್ಚೋ," ಎಂದ ಧಣಿ. ಗಂಡನಿಗೂ ಆ ಇಬ್ಬರು ಆಳುಗಳಿಗೂ ಹೇಳಿದ್ದು. "ಮಣ್ಣು ಬಿದ್ರೆ ತಾನಾಗೇ ಎದ್ದು ಬರ್ತಾಳೆ, ಹಾದರಗಿತ್ತಿ."

ಹಾರೆ ಕಪ್ಪು ಪದರವಿದ್ದ ಗೋಡೆಗೆ ಬೆನ್ನು ಆನಿಸಿ ನಿಂತಳು. ಗಂಡ ಸನಿಕೆ ಎತ್ತಿದ. ಮೊದಲನೆಯದನ್ನು ಅವಳ ಪಾದದ ಪಕ್ಕಕ್ಕೆ, ತಾಗದ ಹಾಗೆ, ಇಳಿಬಿಟ್ಟ. ಎರಡನೆಯದನ್ನೂ. ಆಳುಗಳು ಅಷ್ಟು ನೋಡಿಕೊಂಡು ಹಾಕಲಿಲ್ಲ. ಜೇಡಿ ದೊಪ್ಪ ದೊಪ್ಪ ಬಿದ್ದು ಕಣಕಾಲು ಮುಚ್ಚಿತು, ಮೊಣಕಾಲು ಮುಚ್ಚಿತು. ತಳದ ನೀರು ಸೇರಿ ಅದು ಕಲಸಿದ ಹಿಟ್ಟಿನ ಹಾಗೆ ಕಾಲನ್ನು ಬಿಗಿಹಿಡಿಯಿತು. ಈಗ ಏಳುತ್ತೇನೆಂದರೂ ಏಳುವ ಹಾಗಿರಲಿಲ್ಲ. ಅವಳು ಯಾರಿಗೂ ಕಾಣದ ಹಾಗೆ ಒಂದು ಸಲ ಕಾಲೆತ್ತಿ ನೋಡಿದಳು, ಕದಲಲಿಲ್ಲ. ಕೂಗಬೇಕೆನ್ನಿಸಿತು. ಗಂಡನ ಮುಖ ನೋಡಿದಳು. ಅವನು ಅಳುತ್ತಿದ್ದ, ಅಳುತ್ತಲೇ ಮಣ್ಣು ಹಾಕುತ್ತಿದ್ದ.

ತೊಡೆಯ ಮಟ್ಟಕ್ಕೆ ಬಂದಾಗ ಆಳುಗಳಲ್ಲಿ ದೊಡ್ಡವನು ಸನಿಕೆ ಕೆಳಗಿಟ್ಟ. "ನನ್ ಕೈಲಾಗಲ್ಲ ಧಣಿ. ಬೇಕಾದ್ರೆ ಕೆಲಸ ಬಿಡಿಸಿ." ಇನ್ನೊಬ್ಬ ಅವನ ಹಿಂದೆ ಹೋಗಿ ನಿಂತ. ಗಂಡನ ಕೈಯೂ ನಿಂತಿತು.

"ಸರ್, ಇದು ಸರಿಯಲ್ಲ," ಎಂದ ಸಾಹೇಬ, ಕಾರಿನ ಕಡೆಗೆ ನಾಲ್ಕು ಹೆಜ್ಜೆ ಹೋಗಿ ನಿಂತು.

ಧಣಿ ಅವರೆಲ್ಲರ ಅಮ್ಮಂದಿರನ್ನು ಬೈಯುತ್ತ ಗಂಡನ ಕೈಯಿಂದ ಸನಿಕೆ ಕಿತ್ತುಕೊಂಡ. ಗುಡ್ಡೆಗೆ ಚುಚ್ಚಿ ಎತ್ತಿ, ಅವಳ ಎದೆಗೆ ಗುರಿಯಿಟ್ಟು ಬೀಸಿದ. ಮಣ್ಣು ಬೀಳಲಿಲ್ಲ. ಸನಿಕೆಗೇ ಕಚ್ಚಿಕೊಂಡಿತು. ಕೊಡವಿದ, ಬೀಳಲಿಲ್ಲ. ನೆಲಕ್ಕೆ ಕುಟ್ಟಿದ, ಇನ್ನಷ್ಟು ಮೆತ್ತಿಕೊಂಡಿತು. ಬಕೆಟ್ಟಿನ ನೀರು ಅವನ ಕಾಲ ಬಳಿಯಲ್ಲೇ ಇತ್ತು. ಅದ್ದಿ ಎತ್ತಬೇಕು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಹೇಳಲಿಲ್ಲ. ಸಾಲುಮನೆಯ ಹೆಂಗಸರು ಒಬ್ಬೊಬ್ಬರಾಗಿ ಹಿತ್ತಿಲಿಗೆ ಬಂದು ನಿಂತು, ಧಣಿ ಸನಿಕೆಯೊಂದಿಗೆ ಗುದ್ದಾಡುವುದನ್ನು ನೋಡಿದರು. ಹೊಸ್ತಿಲ ಮೇಲಿದ್ದ ಅತ್ತೆಗೆ ನಗು ಬಂತು. ಸದ್ದಿಲ್ಲದ ನಗು, ಮುದುಕಿಯ ಮೈಯೆಲ್ಲ ಕುಲುಕುತ್ತಿತ್ತು.

ಧಣಿ ಸನಿಕೆ ಎಸೆದ. "ಇಲ್ಲೇ ಕೊಳೀರಿ ಎಲ್ಲಾ. ಗೇಟಿಗೆ ಬೀಗ. ನಲ್ಲಿ ಬಂದ್. ನಾಳೆ ಬರೋ ಸಾಹೇಬ ಈ ಕಡೆ ಬಂದ್ರೆ ತಾನೇ ನೋಡೋದು."

ಕಾರು ಹೋಯಿತು, ಸಾಹೇಬನೂ ಅದರಲ್ಲೇ ಹೋದ. ಗೇಟಿನ ಸರಪಳಿಯ ಸದ್ದು ಇಲ್ಲಿಯ ತನಕ ಕೇಳಿಸಿತು.

ಗಂಡ ಗುಂಡಿಗೆ ಧುಮುಕಿ ಕೈಯಿಂದಲೇ ಅವಳ ಕಾಲಿನ ಸುತ್ತ ಬಗೆಯತೊಡಗಿದ.

"ಅದು ಬಿಡು," ಎಂದಳು ಹಾರೆ. "ನೀರು ನೋಡು."

ಸಂಜೆಯ ಉಬ್ಬರ ಶುರುವಾಗಿತ್ತು. ಬಸಿಯಲು ದಾರಿಯಿಲ್ಲದ ನೆಲದೊಳಗೆ ನೀರು ಕೆಳಗಿನಿಂದ ಏಳುತ್ತಿತ್ತು. ಆಗಲೇ ಅವಳ ಸೊಂಟ ಮುಟ್ಟಿತ್ತು. ಇನ್ನೊಂದು ಮೊಳ ಏರಿದರೆ ಬುಡ ಕರಗಿ ಗೋಡೆ ಕುಸಿಯುತ್ತದೆ, ಕಪ್ಪು ಪದರವೂ ಅದರೊಂದಿಗೆ.

"ಕೊಡ ತಗೊಂಬಾ. ನನ್ನ ಆಮೇಲೆ ಕೀಳು."

ಅವನು ಮನೆಯೊಳಗಿಂದ ಕೊಡ ತಂದು, ಅವಳ ಪಕ್ಕ ನಿಂತು ನೀರು ತುಂಬಿ ಮೇಲಕ್ಕೆ ಎತ್ತಿದ. ಪಕ್ಕದ ಮನೆಯವಳು ಅದನ್ನು ಈಸಿಕೊಂಡು ದೂರಕ್ಕೆ ಒಯ್ದು ಸುರಿದಳು. ಮತ್ತೊಬ್ಬಳು ತನ್ನ ಮನೆಯ ಪಾತ್ರೆ ಚಾಚಿದಳು. ಕೆಲಸ ಬಿಟ್ಟ ಆಳು ತನ್ನ ಮನೆಯ ಬಾಗಿಲ ಹಲಗೆಯನ್ನು ಕಿತ್ತು ತಂದು ಹಾರೆಯ ಬೆನ್ನ ಹಿಂದೆ ತೂರಿಸಿ ಗುಂಡಿಯ ಗೋಡೆಗೆ ಒತ್ತುಕೊಟ್ಟ. ದೊಡ್ಡ ಸಾಹೇಬ ಬರುತ್ತಾನೋ ಇಲ್ಲವೋ, ಬಂದರೆ ಗೇಟಿನಿಂದ ಈಚೆ ಬಿಡುತ್ತಾರೋ ಇಲ್ಲವೋ, ಯಾರೂ ಕೇಳಲಿಲ್ಲ.

ಹೊತ್ತು ಮುಳುಗುವಾಗ ನೀರು ಹಾರೆಯ ಹೊಕ್ಕುಳ ಹತ್ತಿರ ಇತ್ತು. ಅವರು ಎತ್ತಿದಷ್ಟೂ ಒಸರುತ್ತಿತ್ತು, ಒಸರಿದಷ್ಟನ್ನೂ ಎತ್ತುತ್ತಿದ್ದರು. ಅವಳಿಗೆ ಕಾಲುಗಳು ಇರುವುದೇ ಗೊತ್ತಾಗುತ್ತಿರಲಿಲ್ಲ. ಎರಡು ಕೈಯನ್ನೂ ಹಿಂದಕ್ಕೆ ಚಾಚಿ, ಹಲಗೆಯ ಮೇಲಿನಿಂದ, ಗೋಡೆಯನ್ನು ಒತ್ತಿ ಹಿಡಿದುಕೊಂಡಿದ್ದಳು.