ಆಫ್ ಮಾಡಬಾರದ ಕಾರು

ಅದನ್ನು ಕಾರು ಎಂದು ಕರೆಯುತ್ತಿದ್ದವರು ಇಡೀ ಬೀದಿಯಲ್ಲಿ ಒಬ್ಬರೇ, ಡ್ರಾಯಿಂಗ್ ಮೇಷ್ಟ್ರು. ಅವರ ಹೆಂಡತಿ, ಬೀದಿಗೆಲ್ಲ ಟೈಲರಕ್ಕ, ಅದನ್ನು ಡಬ್ಬ ಎನ್ನುತ್ತಿದ್ದಳು. ಸಿಟ್ಟು ಬಂದ ದಿನ 'ನಿಮ್ಮ ಡಬ್ಬ' ಎನ್ನುತ್ತಿದ್ದಳು. ಈ ಹನ್ನೊಂದು ವರ್ಷದಲ್ಲಿ ಸಿಟ್ಟು ಬಾರದ ದಿನ ಯಾವುದಿತ್ತು ಎಂದು ಕೇಳಿದರೆ ಅವಳಿಗೂ ನೆನಪಿಲ್ಲ.

ಏನು ಚೆಂದವಿತ್ತು ಅದರಲ್ಲಿ, ಹೇಳಿ? ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು; ಯಾರೂ ನೆನಪಿಟ್ಟು ತೆರೆಯದಿದ್ದರೆ ಟೈಲರಕ್ಕನ ಅತ್ತೆ ಒಳಗೇ ಕೂತು ಗಾಜು ಬಡಿಯಬೇಕು. ಹಾರ್ನ್ ಒತ್ತಿದರೆ ತುಟಿ ಪಿಟಕ್ಕೆನ್ನದು, ಆಸ್ಪತ್ರೆಯ ಮುಂದೆ ಯಾರೂ ಮುಟ್ಟದಿದ್ದರೂ ಅರಚಿಕೊಳ್ಳುವುದು. ಕಾಲ ಕೆಳಗಿನ ತಗಡು ತೂತಾಗಿ ಮಗಳ ಚಪ್ಪಲಿ ಒಂದು ಸಲ ಅದರೊಳಗಿಂದ ಜಾರಿ ನಡುರಸ್ತೆಗೆ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಸಾಯುತ್ತಿದ್ದರು. ಮೇಷ್ಟ್ರು ತೂತಿನ ಮೇಲೆ ಡ್ರಾಯಿಂಗ್ ಬೋರ್ಡು ಹಾಸಿ, ಈಗ ಸರಿಹೋಯಿತು ಎಂದರು.

ಇನ್ನು ಸ್ಟಾರ್ಟ್ ಮಾಡುವ ವೈಭವ. ಕೀಲಿ ತಿರುಗಿಸಿದರೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು, ಆಮೇಲೆ ತಳ್ಳಲೇಬೇಕು. ಎಡಗಡೆ ಅತ್ತೆ, ಬಲಗಡೆ ಮಗಳು, ನಡುವೆ ಟೈಲರಕ್ಕ. ಜಾಗ ಅದಲುಬದಲಾಗುವಂತಿರಲಿಲ್ಲ, ಎಪ್ಪತ್ತು ದಾಟಿದ ಅತ್ತೆಯೂ ತಮ್ಮ ಮೂಲೆ ಬಿಟ್ಟುಕೊಡುತ್ತಿರಲಿಲ್ಲ. ಮೇಷ್ಟ್ರು ತಳ್ಳುವವರಲ್ಲ, ಸ್ಟೇರಿಂಗ್ ಹಿಡಿಯುವವರು. ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿಗೆ ಎರಡೇಟು ಬಡಿಯುತ್ತಿದ್ದರು. ಟಪ್ ಟಪ್. ಅಷ್ಟು ಕೇಳಿದರೆ ಮೂವರೂ ತಲೆ ತಗ್ಗಿಸಿ ಭುಜ ಕೊಡಬೇಕು. ಹನ್ನೊಂದು ವರ್ಷ ಹೀಗೇ ನಡೆಯಿತು.

ಒಮ್ಮೆ ಸ್ಟಾರ್ಟ್ ಆದರೆ ಮುಗಿಯಿತು, ಮನೆ ಸೇರುವತನಕ ಆಫ್ ಮಾಡುವಂತಿಲ್ಲ. ಅದು ಆ ಮನೆಯ ಕಾನೂನು. ಎಲ್ಲಿಗೆ ಹೋದರೂ ಒಬ್ಬರು ಕಾರಿನಲ್ಲೇ ಕೂತು ಎಂಜಿನ್ ಕಾಯಬೇಕು. ಟೈಲರಕ್ಕನ ಸ್ವಂತ ತಮ್ಮನ ಮದುವೆಯಲ್ಲಿ ಇವರು ಸರದಿಯ ಮೇಲೆ ಊಟಕ್ಕೆದ್ದು ಹೋಗಿದ್ದರು. ಅವಳ ಸರದಿ ಬರುವ ಹೊತ್ತಿಗೆ ಬಡಿಸುವವರು ಪಾತ್ರೆ ತೊಳೆಯುತ್ತಿದ್ದರು. ಆ ಹಸಿವು ಅವಳು ಇನ್ನೂ ಮರೆತಿಲ್ಲ.

ಇಷ್ಟು ದಿನ ಹಲ್ಲು ಕಚ್ಚಿಕೊಂಡು ಸಹಿಸಿದ್ದಳು. ಈಗ ಹಾಗಲ್ಲ. ಅವಳ ಹೊಲಿಗೆ ಅಂಗಡಿಯಿದ್ದ ಕಟ್ಟಡವನ್ನು ಕೆಡವುತ್ತಿದ್ದರು, ಸೋಮವಾರದೊಳಗೆ ಖಾಲಿ ಮಾಡಬೇಕಿತ್ತು. ಶಾಲೆಯ ಸಮವಸ್ತ್ರದ ಬಟ್ಟೆ ಥಾನುಗಟ್ಟಲೆ ಬಂದು ಬಿದ್ದಿತ್ತು, ಜೊತೆಗೆ ಹೊಲಿಯುವ ಹೆಂಗಸರಿಬ್ಬರು ನಾಳೆಯಿಂದ ಎಲ್ಲಿಗೆ ಬರಬೇಕು ಎಂದು ದಿನಾ ಕೇಳುತ್ತಿದ್ದರು. ಯಂತ್ರ ಹಾಕಲು ಮನೆಯಲ್ಲಿದ್ದ ಜಾಗ ಒಂದೇ, ಕಾರಿನ ಶೆಡ್ಡು. ಬಟ್ಟೆ ವಾಪಸ್ ಕೊಟ್ಟರೆ ಮುಂದೆ ಆ ಶಾಲೆಯವರು ಇವಳ ಕಡೆ ತಿರುಗಿಯೂ ನೋಡುವುದಿಲ್ಲ. ಹದಿನೈದು ವರ್ಷ ಯಂತ್ರ ತುಳಿದು ಕಟ್ಟಿದ ಅಂಗಡಿ ಅಲ್ಲಿಗೆ ಮುಚ್ಚಿದ ಹಾಗೆ.

ಕಾರನ್ನು ಬೀದಿಯಲ್ಲಿ ನಿಲ್ಲಿಸಿ ಎಂದರೆ ಮೇಷ್ಟ್ರು, ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದರು. ಯಾವ ಬಣ್ಣ, ತುಕ್ಕಿನ ಬಣ್ಣವೇ ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, ಒಳ್ಳೆಯ ಕೈಗೆ ಹೋಗುವುದಾದರೆ ಮಾರುತ್ತೇನೆ, ಇಲ್ಲವಾದರೆ ಅದು ಶೆಡ್ಡಿನಲ್ಲೇ ಇರಲಿ ಎಂದರು. ಹೆಣ್ಣು ಕೊಡುವವರ ಗತ್ತು.

ಆ ಒಳ್ಳೆಯ ಕೈ ಎಂದರೆ ಔಷಧಿ ಅಂಗಡಿಯವರು. ಡ್ರೈವಿಂಗ್ ಕಲಿಯುವುದಕ್ಕೆ ಅವರಿಗೊಂದು ಹಳೆಯ ಗಾಡಿ ಬೇಕಿತ್ತು. ಮೆಕ್ಯಾನಿಕ್ ವಾರವಿಡೀ ಬಗ್ಗಿ ಕೂತು, ಎಲ್ಲಿಂದಲೋ ಬ್ಯಾಟರಿ ತಂದು ಹಾಕಿ, ಶನಿವಾರ ಬೆಳಿಗ್ಗೆ ಕೀಲಿ ತಿರುಗಿಸಿದ. ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಅತ್ತೆ ಬೆಚ್ಚಿಬಿದ್ದರು.

ಹತ್ತು ಗಂಟೆಗೆ ಔಷಧಿ ಅಂಗಡಿಯವರು ಬಂದರು. ಮೆತ್ತಗಿನ ಮನುಷ್ಯ, ಟೈರಿಗೆ ಒದ್ದು ನೋಡಲೂ ಸಂಕೋಚ. ಮನೆಯವರೆಲ್ಲ ಶೆಡ್ಡಿನ ಗೋಡೆಗೆ ಒರಗಿ ಒಳ್ಳೆಯ ಮುಖ ಮಾಡಿಕೊಂಡು ನಿಂತಿದ್ದರು. ತಳ್ಳಬೇಕಾಗುತ್ತದೆಯೇ ಎಂದು ಅವರು ಕೇಳಿದ್ದು ಒಂದೇ ಪ್ರಶ್ನೆ.

"ತಳ್ಳೋದಾ?" ಎಂದು ಮೇಷ್ಟ್ರು ನಕ್ಕರು. "ಈ ಹನ್ನೊಂದು ವರ್ಷದಲ್ಲಿ ನಮ್ಮನೇಲಿ ಒಬ್ಬರೂ ಇದಕ್ಕೆ ಕೈ ಹಚ್ಚಿಲ್ಲ."

ಅದು ನಿಜವೂ ಹೌದು, ಅವರ ಮಟ್ಟಿಗೆ. ಟೈಲರಕ್ಕ ಬಾಯಿ ಬಿಗಿಹಿಡಿದಳು. ಸುಳ್ಳೋ ಪಳ್ಳೋ, ಶೆಡ್ಡು ಖಾಲಿಯಾದರೆ ಸಾಕಿತ್ತು.

ಔಷಧಿ ಅಂಗಡಿಯವರು ಸ್ಟೇರಿಂಗಿನ ಮುಂದೆ ಕೂತರು, ಮೇಷ್ಟ್ರು ಪಕ್ಕದಲ್ಲಿ. ಕೀಲಿ ಇನ್ನೂ ತಿರುಗಿಸಿರಲಿಲ್ಲ. ಪಾಪ, ಔಷಧಿ ಅಂಗಡಿಯವರು ಏನಾದರೂ ಒಂದು ಒಳ್ಳೆಯ ಮಾತು ಹೇಳೋಣ ಎಂದುಕೊಂಡರೋ ಏನೋ, ಕಿಟಕಿಯಿಂದ ಕೈ ಹೊರಗೆ ಹಾಕಿ, "ಹಳೇ ಕಾಲದ ತಗಡು, ಗಟ್ಟಿಯಾಗಿದೆ," ಎಂದು ಬಾಗಿಲಿಗೆ ಎರಡೇಟು ತಟ್ಟಿದರು.

ಟಪ್ ಟಪ್.

ಎಡಗಡೆ ಅತ್ತೆ, ಬಲಗಡೆ ಮಗಳು, ನಡುವೆ ಟೈಲರಕ್ಕ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂರು ತಲೆ ತಗ್ಗಿದವು, ಮೂರು ಭುಜ ಹತ್ತಿದವು, ಕಾರು ಶೆಡ್ಡು ಬಿಟ್ಟು ಗೇಟು ದಾಟಿ ಬೀದಿಗೆ ಬಂತು. ಕನ್ನಡಿಯಲ್ಲಿ ಔಷಧಿ ಅಂಗಡಿಯವರ ಕಣ್ಣು ಕಾಣಿಸಿದಾಗಲೇ ಟೈಲರಕ್ಕನಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ತಿಳಿದದ್ದು.

ಆ ಮನುಷ್ಯ ಜಗಳವಾಡಲಿಲ್ಲ, ಕೀಲಿ ತಿರುಗಿಸಿ ನೋಡಲೂ ಇಲ್ಲ. ಇಳಿದು, ಕೈ ಒರೆಸಿಕೊಂಡು, ಅತ್ತೆಯ ಕಡೆ ತಿರುಗಿ, ಈ ವಯಸ್ಸಿನಲ್ಲಿ ಸೊಂಟ ಜೋಪಾನ ಅಮ್ಮಾ, ನೋವಾದರೆ ಅಂಗಡಿಗೆ ಹೇಳಿಕಳಿಸಿ, ಮುಲಾಮು ಕೊಡುತ್ತೇನೆ ಎಂದು ಹೇಳಿ ಹೊರಟುಹೋದರು.

ನಿಮಗೆ ಯಾರು ತಳ್ಳೋಕೆ ಹೇಳಿದರು ಎಂದು ಮೇಷ್ಟ್ರು ಕೂಗಾಡಿದರು. ಟೈಲರಕ್ಕನಿಗೆ ಅವರ ಕೂಗು ಕಿವಿಗೇ ಬೀಳಲಿಲ್ಲ. ಅವಳು ತನ್ನ ಕೈಗಳನ್ನೇ ನೋಡುತ್ತಿದ್ದಳು. ಹನ್ನೊಂದು ವರ್ಷ ಡಬ್ಬ ಡಬ್ಬ ಎಂದು ಬೈದದ್ದೆಲ್ಲ ಬಾಯಿ ಮಾತ್ರ; ಕೈಗಳು ಎರಡೇಟು ಕೇಳಿದರೆ ಓಡಿಹೋಗುತ್ತಿದ್ದವು. ಕಾರು ಕೆಟ್ಟಿತ್ತು, ನಿಜ. ತಾನು ಮಾತ್ರ ಒಂದು ದಿನವೂ ಕೆಟ್ಟು ನಿಂತಿರಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸರಿ, ಒಳಗೆ ತಳ್ಳಿ ಎಂದರು ಮೇಷ್ಟ್ರು.

"ಒಳಗಲ್ಲ," ಎಂದಳು ಅವಳು. "ಹತ್ತಿ. ಸ್ಟೇರಿಂಗ್ ಹಿಡೀರಿ."

ಆ ದನಿ ಕೇಳಿ ಮೇಷ್ಟ್ರು ಹತ್ತಿದರು. ಬೀದಿಯ ತುದಿಯಲ್ಲಿ ಗುಜರಿ ಅಂಗಡಿ. ಅಲ್ಲಿಯವನು ಆ ಕಾರಿನ ಮೇಲೆ ಎಷ್ಟೋ ವರ್ಷದಿಂದ ಕಣ್ಣಿಟ್ಟು ಕಾಯುತ್ತಿದ್ದ. ಮೂವರು ಹೆಂಗಸರು ಅತ್ತ ಕಡೆಗೇ ತಳ್ಳಿದರು, ಯಾರೂ ಬಾಗಿಲು ಬಡಿಯದೆ. ಹೊಸ ಬ್ಯಾಟರಿಯೋ, ಮೇಷ್ಟ್ರ ಕಾಲಿನ ಅಭ್ಯಾಸಬಲವೋ, ಗುಜರಿ ಅಂಗಡಿ ಹತ್ತು ಹೆಜ್ಜೆ ಇರುವಾಗ ಎಂಜಿನ್ ಹಿಡಿದುಬಿಟ್ಟಿತು. ಕೆಮ್ಮಿಲ್ಲ, ಹೊಗೆಯಿಲ್ಲ, ಒಳ್ಳೆಯ ಸದ್ದು. ಹನ್ನೊಂದು ವರ್ಷದಲ್ಲಿ ಅದು ಅಷ್ಟು ಚೆನ್ನಾಗಿ ಓಡಿದ್ದೇ ಇಲ್ಲ.

ಮೇಷ್ಟ್ರ ಮುಖ ಅರಳಿತು. "ನೋಡೇ, ಸ್ಟಾರ್ಟ್ ಆಯ್ತು. ನಾನು ಹೇಳ್ಲಿಲ್ವಾ?"

ಟೈಲರಕ್ಕ ಕಿಟಕಿಯ ಹತ್ತಿರ ಬಂದಳು.

"ಆಫ್ ಮಾಡಿ."

ಅವರು ತಾಯಿಯ ಕಡೆ ನೋಡಿದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಗುಜರಿ ಅಂಗಡಿಯ ಬೋರ್ಡು ಓದುತ್ತಿದ್ದರು. ಮಗಳ ಕಡೆ ನೋಡಿದರು, ಅವಳು ಅಜ್ಜಿಯ ಪಕ್ಕಕ್ಕೆ ಹೋಗಿ ನಿಂತಳು.

"ಆಫ್ ಮಾಡಿದ್ರೆ ಮತ್ತೆ ತಳ್ಳಬೇಕಾಗುತ್ತೆ ಕಣೇ," ಎಂದರು ಮೇಷ್ಟ್ರು, ದನಿ ಇಳಿಸಿ.

"ಯಾರು ತಳ್ಳೋದು?"

ಮೇಷ್ಟ್ರು ಕೀಲಿ ಹಿಂದಕ್ಕೆ ತಿರುಗಿಸಿದರು. ಬೀದಿ ನಿಶ್ಶಬ್ದವಾಯಿತು. ಟೈಲರಕ್ಕ ಕೊರಳಲ್ಲಿದ್ದ ಅಳತೆ ಟೇಪು ತೆಗೆದುಕೊಂಡು, ಶೆಡ್ಡಿನ ಅಗಲ ಎಷ್ಟಿದೆ ನೋಡಲು ವಾಪಸ್ ನಡೆದಳು.