ಮಾವನ ಜೇಬಿನಲ್ಲಿ ದೂರಿನ ಫೋನು

ಮೇಷ್ಟ್ರಮ್ಮ ಒಳಗೆ ಕಾಲಿಟ್ಟಳು. ಆ ಕಚೇರಿಯ ಟೇಬಲ್ ಫ್ಯಾನು ಕೂಡ ಮುಖ ತಿರುಗಿಸಿಕೊಂಡಿತು.

ಮೇಷ್ಟ್ರಮ್ಮ ಅನ್ನೋ ಹೆಸರು ಆ ಕಚೇರಿಯವರೇ ಇಟ್ಟದ್ದು. ಮನೆಮಠ ಕಳೆದುಕೊಂಡವರಿಗೆ ಕಂಬಳಿ, ಹಾಲಿನ ಪುಡಿ ಹಂಚುವ ಸಂಸ್ಥೆ ಅದು. ಕೊಡುವ ಕೈಯೇ ಕಾಡುವ ಕೈಯಾಗದಂತೆ ನೋಡಿಕೊಳ್ಳುವುದು ಹೇಗೆಂದು ಇಂಥ ಸಂಸ್ಥೆಗಳಿಗೆ ಕಲಿಸುವುದು ಇವಳ ಕೆಲಸ. ಕಲಿಯುವ ಆಸೆ ಅಲ್ಲಿ ಯಾರಿಗೂ ಇರಲಿಲ್ಲ.

"ಬಂದ್ರಾ? ಇವತ್ತು ಯಾರ ತಲೆ ಬೇಕು?" ಎಂದ ಅಣ್ಣ. ಸಂಸ್ಥೆಯ ಯಜಮಾನ. ರಕ್ತಸಂಬಂಧ ಇರಲಿ ಬಿಡಲಿ, ಅಲ್ಲಿ ಎಲ್ಲರೂ ಅಣ್ಣ, ಅಕ್ಕ, ಮಾವ. ಗೋಡೌನು ನೋಡಿಕೊಳ್ಳುವವನು ಮಾವ. ಅವನು ಬಾಗಿಲಿಗೆ ಒರಗಿ ಬೀಗದ ಕೈಗೊಂಚಲು ಗಿರಗಿರ ತಿರುಗಿಸುತ್ತಿದ್ದ, ಇಂಟರ್‌ವಲ್‌ಗೆ ಮುಂಚಿನ ವಿಲನ್ ಥರ.

ಹಿಂದಿನ ದಿನ ನಿರಾಶ್ರಿತರ ಶಿಬಿರದ ನಲ್ಲಿಯ ಹತ್ತಿರ ಹೊಲಿಗೆ ಕೆಲಸದ ಹೆಂಗಸೊಬ್ಬಳು ಮೇಷ್ಟ್ರಮ್ಮನ ಕೈ ಹಿಡಿದು ಪಿಸುಗುಟ್ಟಿದ್ದಳು. ಕಂಬಳಿ ಬೇಕಾದರೆ ಗೋಡೌನಿಗೆ ಒಬ್ಬಳೇ ಬಾ ಎನ್ನುತ್ತಾನಂತೆ ಮಾವ. ಗೋಡೆಯ ಮೇಲಿದ್ದ ದೂರಿನ ನಂಬರಿಗೆ ಫೋನ್ ಮಾಡಿದಳಂತೆ. ಆ ಕಡೆಯಿಂದ ಬರೀ "ಹೂಂ". ಅಂದಿನಿಂದ ಮಗುವಿನ ಹಾಲಿನ ಪುಡಿಯೂ ಬಂದ್.

"ನನ್ ಹೆಸರು ಹೊರಗ್ ಬಂದ್ರೆ ನಾವು ಇಲ್ಲಿ ಬದುಕೋಕಾಗಲ್ಲ ಅಕ್ಕ."

ಹೆಸರು ಹೊರಬರಬಾರದು, ಮಾವ ಗೋಡೌನಿನಲ್ಲಿ ಇರಬಾರದು. ಎರಡೂ ಇವತ್ತೇ ಆಗಬೇಕಿತ್ತು.

"ದೂರಿನ ಫೋನು ಯಾರ ಹತ್ರ ಇದೆ?"

"ನಂಬರ್ ಹಾಕಿ ಅಂದ್ರಿ, ಗೋಡೆ ತುಂಬಾ ಹಾಕಿದ್ವಿ. ಇಲ್ಲೀವರೆಗೂ ಒಂದು ಕಾಲೂ ಬಂದಿಲ್ಲ. ಚಿನ್ನದಂಥ ಜನ ನಮ್ಮೋರು," ಎಂದ ಅಣ್ಣ.

ಮೇಷ್ಟ್ರಮ್ಮ ತನ್ನ ಮೊಬೈಲಿನಿಂದ ಆ ನಂಬರು ಒತ್ತಿದಳು.

ಮಾವನ ಅಂಗಿಯ ಜೇಬು ಕಿರುಚಿತು.

"ಅದಕ್ಕೇನೀಗ?" ಅಣ್ಣ ಮೇಜು ಕುಟ್ಟಿದ. "ಯಾವಾಗ್ಲೂ ಜನರ ಮಧ್ಯೆ ಇರೋನು ಅವನೇ, ಅದಕ್ಕೇ ಕೊಟ್ಟಿದ್ದು! ಯಾರ್ರೀ ನಿಮ್ಮ ಕಿವಿ ಊದಿದ್ದು? ಹೆಸರು ಹೇಳಿ!"

"ಹೇಳಲ್ಲ."

"ಹಾಗಾದ್ರೆ ಎದ್ದು ಹೊರಡಿ."

ಮಾವನಿಗೆ ಸುಮ್ಮನಿರಲಾಗಲಿಲ್ಲ. "ಆ ಹೊಲಿಗೆಯೋಳು ತಾನೇ? ಫೋನಲ್ಲಿ ದನಿ ಕೇಳಿದ್ರೆ ಗೊತ್ತಾಗಲ್ವಾ ನಂಗೆ?"

ಒಂದು ಕಾಲೂ ಬಂದಿಲ್ಲವೆಂದಾದರೆ ಮಾವ ದನಿ ಕೇಳಿದ್ದು ಯಾವಾಗ? ಅಣ್ಣನಿಗೂ ಅರ್ಥವಾಯಿತು. ಆದರೂ ಪಟ್ಟು ಬಿಡಲಿಲ್ಲ. "ಸರಿ, ಅವಳನ್ನೂ ಕರೆಸಿ. ಎದುರೆದುರು ಕೂರಿಸಿ, ಟೀ ಕುಡಿಸಿ ಮುಗಿಸೋಣ. ನಮ್ಮನೇಲಿ ಜಗಳ ಬಗೆಹರಿಸೋದೇ ಹಾಗೆ."

"ಇದು ಜಗಳ ಅಲ್ಲ," ಎಂದಳು ಮೇಷ್ಟ್ರಮ್ಮ. "ಕರೆಸಿದ ಕ್ಷಣ ಇಡೀ ಶಿಬಿರದ ಕಣ್ಣು ಅವಳ ಮೇಲೆ. ಹೊರಗಿನವರು ಬಂದು ವಿಚಾರಿಸೋವರೆಗೂ ಈ ಮಾವ ಗೋಡೌನಿನ ಕಡೆ ತಲೆ ಹಾಕಬಾರದು. ಆ ಹೆಂಗಸಿನ ಸುದ್ದಿ ಈ ಬಾಗಿಲು ದಾಟಬಾರದು."

"ಬಿಟ್ಟಿ ಡೈಲಾಗ್ ಬೇಡ!" ಎಂದ ಅಣ್ಣ.

ಅಣ್ಣನ ಒಡಹುಟ್ಟಿದ ತಂಗಿ ಮೂಲೆಯಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದವಳು ಎದ್ದು ಬಂದಳು. ಮೇಷ್ಟ್ರಮ್ಮನನ್ನು ಕಂಡರೆ ಅವಳಿಗೂ ಆಗುತ್ತಿರಲಿಲ್ಲ.

"ಅಣ್ಣಾ, ಸಂಜೆಯಾದ್ರೆ ಗೋಡೌನಿಗೆ ಹೋಗಬೇಡ ಅಂತ ನಂಗ್ಯಾಕೆ ಹೇಳ್ತಿದ್ದೆ?"

ಅಣ್ಣ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ.

"ನಂಗೆ ಬೇಡ, ಶಿಬಿರದ ಹೆಂಗಸರಿಗೆ ಪರವಾಗಿಲ್ಲ. ಅಲ್ವಾ?"

ಅಣ್ಣ ಮಾವನ ಕೈಯಿಂದ ಗೊಂಚಲು ಕಿತ್ತುಕೊಂಡ, ಜೇಬಿನಿಂದ ಫೋನು ಎಳೆದುಕೊಂಡ, ಎರಡನ್ನೂ ತಂಗಿಯ ಮುಂದೆ ಕುಕ್ಕಿದ. "ಹೋಗೋ ಮನೆಗೆ. ಅವಳ ಹೆಸರು ಎತ್ತಿದ್ರೆ ಪೊಲೀಸರ ಹತ್ರ ನಾನೇ ಎಳ್ಕೊಂಡು ಹೋಗ್ತೀನಿ." ಆಮೇಲೆ ಮೇಷ್ಟ್ರಮ್ಮನ ಕಡೆ ತಿರುಗಿದ. "ಮನೆ ಒಡೆದ್ರಿ. ತೃಪ್ತಿನಾ?"

"ಮುಂದಿನ ವಾರ ಬರ್ತೀನಿ."

"ಬಾಗಿಲು ಹಾಕಿರುತ್ತೆ."

"ತಟ್ತೀನಿ."

ಗೇಟಿನ ಹೊರಗೆ ಬಂದು ಮೇಷ್ಟ್ರಮ್ಮ ಮೊಬೈಲು ತೆಗೆದಳು. ಮತ್ತೆ ಅದೇ ದೂರಿನ ನಂಬರು ಒತ್ತಿದಳು.

"ಹೇಳಿ, ಯಾರೂ ಪಕ್ಕದಲ್ಲಿಲ್ಲ, ಧೈರ್ಯವಾಗಿ ಮಾತಾಡಿ," ಎಂದಿತು ತಂಗಿಯ ದನಿ. ಒಂದು ಕ್ಷಣ ಬಿಟ್ಟು, "ಓ, ನೀವಾ! ಹಾಲಿನ ಪುಡಿ ಹಂಚೋಕೆ ಹೊರಟಿದ್ದೀನಿ. ಎಲ್ಲಾ ಮಕ್ಕಳಿಗೂ, ಅವಳ ಮೇಲೆ ಯಾರಿಗೂ ಅನುಮಾನ ಬರಬಾರದಲ್ಲ. ಇಡಿ ಫೋನು! ಯಾರಾದ್ರೂ ಮಾಡ್ತಿರ್ತಾರೆ, ಲೈನ್ ಬಿಜಿ ಮಾಡಬೇಡಿ."

ಫೋನು ಕಟ್ಟಾಯಿತು.