ಎಡಗಡೆಯ ನಟ್ಟುಗಳು

ಶೆಡ್ಡುಗಳ ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಲೇತಕ್ಕ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷ ಲೇತಿನ ಮುಂದೆ ನಿಂತು ಕಬ್ಬಿಣ ಕಡೆದವಳು. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೆದಕಿದರೆ, "ಅಳತೆಗೆ ಸರಿಹೋಗೋನು ಸಿಗಲಿಲ್ಲ. ಕಡೆದು ಸರಿಮಾಡ್ಕೊಳ್ಳೋಣ ಅಂದ್ರೆ ಒಬ್ಬನೂ ಲೇತಿಗೆ ಸಿಕ್ಕಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳ ಶೆಡ್ಡಿನ ಗೋಡೆಗೆ ಅಂಟಿಕೊಂಡೇ ತಮ್ಮನ ಮೋಟಾರ್ ಸೈಕಲ್ ಗ್ಯಾರೇಜು. ಗ್ಯಾರೇಜಿನ ಹಿಂದೆ ಎರಡು ಕೋಣೆಯ ಮನೆ, ಅದರಲ್ಲಿ ತಮ್ಮ ಮತ್ತು ಅವನ ಹೆಂಡತಿ. ಊಟ ಮೂವರದೂ ಅಲ್ಲೇ.

ಅಕ್ಕ ತಮ್ಮ ಇಬ್ಬರೂ ಚಿಕ್ಕ ವಯಸ್ಸಿನಲ್ಲಿ ಸೇರಿ ಕಟ್ಟಿದ ಒಂದು ಬೈಕಿತ್ತು. ಎಂಜಿನ್ ಒಂದು ಕಂಪನಿಯದು, ಚೌಕಟ್ಟು ಇನ್ನೊಂದರದು, ಪೆಟ್ರೋಲ್ ಟ್ಯಾಂಕು ಯಾವುದರದೋ ದೇವರಿಗೇ ಗೊತ್ತು. ಬೀದಿಯವರು ಅದಕ್ಕೆ 'ಸಮ್ಮಿಶ್ರ ಸರ್ಕಾರ' ಅಂತ ಹೆಸರಿಟ್ಟಿದ್ದರು. ಇವತ್ತು ಬೀಳುತ್ತೆ, ನಾಳೆ ಬೀಳುತ್ತೆ ಅಂದುಕೊಂಡೇ ಇಪ್ಪತ್ತೇಳು ವರ್ಷ ಓಡಿತು. ಬರಬರುತ್ತಾ ಹೆಸರು ಬರೀ 'ಸಮ್ಮಿಶ್ರ' ಆಯಿತು.

ತಮ್ಮನಿಗೆ ಐವತ್ತೆರಡು ತುಂಬಿದ ವರ್ಷ ಪಾರ್ಶ್ವವಾಯು ಹೊಡೆಯಿತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಕುಸಿದ. ಜೀವ ಉಳಿಯಿತು. ಎಡಗೈ ಹೆಚ್ಚುಕಡಿಮೆ ಸ್ವಾಧೀನಕ್ಕೆ ಬಂತು, ಎಡಗಾಲು ಮಾತ್ರ ಎಳೆಯತೊಡಗಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, "ಎಡಗಡೆ ಗಮನ ಕಮ್ಮಿ ಇರುತ್ತೆ, ನೋಡ್ಕೊಳ್ಳಿ" ಎಂದಿದ್ದರು. ಕಾಲಿನ ವಿಷಯ ಹೇಳುತ್ತಿದ್ದಾರೆ ಅಂದುಕೊಂಡು ಇಬ್ಬರು ಹೆಂಗಸರೂ ತಲೆಯಾಡಿಸಿದ್ದರು.

ಮನೆಗೆ ಬಂದವನು ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಮಾತಿಗೆ ಮಾತಿಲ್ಲ. ಹೆಂಡತಿ ಸ್ನಾನ ಮಾಡಿಸಿದರೆ ಮಾಡಿಸಿಕೊಂಡ, ಬಟ್ಟೆ ಹಾಕಿದರೆ ಹಾಕಿಸಿಕೊಂಡ. ಒಂದು ದಿನ ಅವಳು ಲೇತಿನ ಶೆಡ್ಡಿಗೆ ಬಂದು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, "ಅತ್ತಿಗೆ, ನನ್ನ ಕೈಲಿ ಆಗ್ತಿಲ್ಲ. ಬೈದ್ರೂ ಪರವಾಗಿಲ್ಲ, ಬಾಯಿಬಿಟ್ರೆ ಸಾಕು" ಎಂದಳು.

ಲೇತಕ್ಕ ಮೆಷಿನ್ ನಿಲ್ಲಿಸಿದಳು. ಕೈ ಒರೆಸಿಕೊಂಡು ಮನೆಯೊಳಗೆ ಹೋಗಿ ತಮ್ಮನ ಮಂಚದ ಮೇಲೆ ಕೂತಳು.

"ಏಳೋ. ಸಮ್ಮಿಶ್ರಕ್ಕೆ ಬ್ರೇಕ್ ಬದಲಾಯಿಸ್ಬೇಕು."

ಅವನು ಹೊದಿಕೆ ಎಳೆದುಕೊಂಡ.

"ಹಳೇ ಗಾಡಿ, ಹಿಂದಿನ ಬ್ರೇಕು ಎಡಗಾಲಿಗೆ. ನಿನ್ನ ಕಾಲು ತುಳಿಯೋದಿಲ್ಲ. ಅದಕ್ಕೆ ಎರಡು ಬ್ರೇಕೂ ಬಲಗೈಗೆ ತರೋಣ ಅಂತ."

ಗೋಡೆಯ ಕಡೆಯಿಂದಲೇ ದನಿ ಬಂತು. "ಮುಂದಿನ ಬ್ರೇಕಿನ ಡ್ರಮ್ಮು ಚಿಕ್ಕದು. ತಡೆಯಲ್ಲ."

"ದೊಡ್ಡದು ಹಾಕು."

"ದೊಡ್ಡ ಡ್ರಮ್ಮು ಹಾಕಿದ್ರೆ ಚಕ್ರ ಹಿಡಿದಿರೋ ಆ ಸಣಕಲು ಫೋರ್ಕು ತಿರುಚ್ಕೊಳ್ಳುತ್ತೆ."

"ಫೋರ್ಕೂ ಬದಲಾಯಿಸು. ನಾನು ಯಾತಕ್ಕಿದೀನಿ?"

ಅವನು ನಿಧಾನವಾಗಿ ಈಚೆ ಹೊರಳಿದ. ಬಾಗಿಲ ಮರೆಯಲ್ಲಿ ನಿಂತಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಗುಜರಿಯಿಂದ ಭಾರಿ ಬೈಕೊಂದರ ಫೋರ್ಕು ಬಂತು. ಅದರ ಚಕ್ರ ಸೊಟ್ಟಗಾಗಿದ್ದರಿಂದ ಮತ್ತೊಂದು ಬೈಕಿನ ಚಕ್ರ ತಂದರು. ಒಂದಕ್ಕೊಂದು ಹೊಂದುವ ಮಾತೇ ಇರಲಿಲ್ಲ. ಫೋರ್ಕಿನ ಮೇಲಿನ ದಂಡ ಚೌಕಟ್ಟಿನ ಕೊಳವೆಗಿಂತ ಸಣ್ಣದು. ಸಂದು ತುಂಬಲು ಲೇತಕ್ಕ ಎರಡು ಬುಷ್, ಅಂದರೆ ಒಳಬಳೆ, ಕಡೆದಳು. ಚಕ್ರದ ಅಚ್ಚು ಫೋರ್ಕಿನ ಕಾಲಿನ ತೂತಿಗೆ ಸಡಿಲ, ಅಲ್ಲಿಗೂ ಬುಷ್. ಕೂರಿಸಿ ನೋಡಿದರೆ ಚಕ್ರ ನಡುವೆ ನಿಲ್ಲದೆ ಬಲಕ್ಕೆ ಸರಿದಿತ್ತು. ಮೂರು ಮಿಲಿಮೀಟರಿನ ಒಂದು ಬಳೆ ಕಡೆದು ಒಂದು ಪಕ್ಕಕ್ಕೆ ಹಾಕಿ, ಇನ್ನೊಂದು ಪಕ್ಕದ್ದರಲ್ಲಿ ಅಷ್ಟನ್ನೇ ಕಳೆದಳು. ಒಂದು ಲಿವರಿನಿಂದ ಎರಡು ಬ್ರೇಕು ಎಳೆಯಲು ತಕ್ಕಡಿಯ ದಂಡಿಗೆಯಂಥ ಸಣ್ಣ ಪಟ್ಟಿ ಬೇಕಿತ್ತು. ಅದರ ಯೋಚನೆ ತಮ್ಮನದೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ.

ಅವನು ಮೊದಲಿನಂತಾಗತೊಡಗಿದ. "ಅಕ್ಕ, ಇದೇನು ಬುಷ್ಷೋ ಅಜ್ಜಿ ಕಾಲುಂಗುರವೋ?" ಎಂದು ರೇಗಿಸಿದ. ಹೆಂಡತಿ ಟೀ ತಂದರೆ, "ಸಕ್ಕರೆ ಹಾಕೋದನ್ನ ಮರೆತ್ಯಾ, ಇಲ್ಲಾ ನನ್ನನ್ನೇ ಮರೆತ್ಯಾ?" ಎಂದ. ಅವಳು ಒಳಗೆ ಹೋಗಿ ಅತ್ತು, ಸಕ್ಕರೆ ಡಬ್ಬಿಯನ್ನೇ ತಂದಿಟ್ಟಳು.

ಊಟದಲ್ಲಿ ಮಾತ್ರ ಅರ್ಧ ತಟ್ಟೆ ಬಿಡುತ್ತಿದ್ದ. ಬಿಟ್ಟು, ಇನ್ನಷ್ಟು ಬಡಿಸು ಅನ್ನುತ್ತಿದ್ದ. ಗಡ್ಡ ಹೆರೆದರೆ ಎಡಗೆನ್ನೆ ಹಾಗೇ ಉಳಿಯುತ್ತಿತ್ತು. "ಅರ್ಧ ಮದುಮಗ" ಎಂದು ಹೆಂಡತಿ ನಕ್ಕು ತಾನೇ ಹೆರೆಯುತ್ತಿದ್ದಳು. ಬದುಕಿ ಬಂದವನ ಚಾಳಿಗಳು ಅಂದುಕೊಂಡರು.

ಒಂದು ಸಂಜೆ ಅವನು ಚಕ್ರದ ಎದುರು ಮಣೆ ಹಾಕಿಕೊಂಡು ಕೂತು, ಫೋರ್ಕಿನ ಎರಡೂ ಕಾಲುಗಳ ಬುಡದ ನಟ್ಟುಗಳನ್ನು ಬಿಗಿದು, "ಮುಗೀತು, ಎಲ್ಲಾ ಕಲ್ಲಿನ ಹಾಗಿದೆ" ಎಂದು ಕೈ ಕೊಡವಿಕೊಂಡು ಎದ್ದ. ಅವನು ಒಳಗೆ ಹೋದ ಮೇಲೆ ಲೇತಕ್ಕ ರೂಢಿಯಂತೆ ಪಾನಾ ಹಾಕಿ ಪರೀಕ್ಷಿಸಿದಳು. ಅವನ ಬಲಕ್ಕಿದ್ದ ನಟ್ಟುಗಳು ಕಲ್ಲಿನ ಹಾಗೇ ಇದ್ದವು. ಎಡಕ್ಕಿದ್ದವು ಬೆರಳಿಗೇ ತಿರುಗಿದವು. ಬ್ರೇಕಿನ ತಟ್ಟೆ ತಿರುಗದಂತೆ ಫೋರ್ಕಿಗೆ ಹಿಡಿದಿಡುವ ಕಡ್ಡಿಯೂ ಆ ಪಕ್ಕದ್ದೇ. ಅದಕ್ಕೆ ನಟ್ಟೇ ಹಾಕಿರಲಿಲ್ಲ. ಹಾಗೇ ಓಡಿಸಿ ಬ್ರೇಕು ಹಿಡಿದಿದ್ದರೆ ಚಕ್ರ ಕಚ್ಚಿಕೊಂಡು ಆಳು ಮುಂದಕ್ಕೆ ಹಾರುತ್ತಿದ್ದ.

ತಮ್ಮ ಮರೆಯುವವನಲ್ಲ. ಕಣ್ಣು ಕಟ್ಟಿದರೂ ಬೈಕು ಬಿಚ್ಚಿ ಜೋಡಿಸುವವನು. ಅವಳಿಗೆ ಊಟದ ಅರ್ಧ ತಟ್ಟೆ ನೆನಪಾಯಿತು, ಹೆರೆಯದ ಎಡಗೆನ್ನೆ ನೆನಪಾಯಿತು.

ಮರುದಿನ ಕೆಲಸದ ಮೇಜಿನ ಮೇಲೆ ಉದ್ದಕ್ಕೆ ಏಳು ವಾಷರ್ ಜೋಡಿಸಿಟ್ಟು ಕರೆದಳು. "ಎಷ್ಟಿವೆ ನೋಡೋ, ಸಾಕಾ?"

"ನಾಲ್ಕಿದೆ. ಸಾಕಾಗಲ್ಲ."

"ಸರಿಯಾಗಿ ಎಣಿಸು."

"ನಾಲ್ಕು, ಅಕ್ಕ. ನಾನೇನು ಒಂದನೇ ಕ್ಲಾಸಾ?"

ಅವಳು ಎಡಗಡೆಯ ಮೂರನ್ನು ಬೆರಳಿನಿಂದ ಬಲಕ್ಕೆ ಸರಿಸಿದಳು. ಅವನು ಬೆಚ್ಚಿದ. ಆಮೇಲೆ ನಕ್ಕ. "ಎಲ್ಲಿಂದ ತೆಗೆದೆ? ಈ ವಯಸ್ಸಲ್ಲಿ ಜಾದೂ ಕಲ್ತಿದೀಯಾ?"

"ಹೂಂ ಕಣೋ" ಎಂದಳು. ವಾಷರುಗಳನ್ನು ಬಾಚಿ ಡಬ್ಬಿಗೆ ಹಾಕಿದಳು.

ಅವತ್ತೇ ಹೇಳಬೇಕಿತ್ತು. ಹೇಳಿದರೆ ಅವನು ಮತ್ತೆ ಗೋಡೆಯ ಕಡೆ ತಿರುಗುತ್ತಾನೆ, ಈ ಸಲ ತಿರುಗಿದರೆ ಈಚೆ ಬರುವುದಿಲ್ಲ ಎಂಬ ಭಯ ಅವಳ ನಾಲಿಗೆ ಹಿಡಿಯಿತು. ಕೆಲಸ ಮುಗಿಯಲಿ, ಅಷ್ಟರಲ್ಲಿ ಗಟ್ಟಿಯಾಗುತ್ತಾನೆ, ಆಮೇಲೆ ಹೇಳೋಣ. ಹೀಗೆ ದಿನ ದೂಡಿದಳು. ಅವನು ಎದ್ದು ಹೋದ ಮೇಲೆ ಅವನ ಎಡಗಡೆಯ ಕೆಲಸವನ್ನೆಲ್ಲ ತಾನೇ ಮಾಡಿ ಮುಗಿಸುತ್ತಿದ್ದಳು. ನಟ್ಟು ಬಿಗಿದಳು, ಕಡ್ಡಿ ಕೂರಿಸಿದಳು. ಬ್ರೇಕು ಎಷ್ಟು ಚೆನ್ನಾಗಿ ಬಂತೆಂದರೆ ಎರಡು ಬೆರಳಲ್ಲಿ ಲಿವರ್ ಎಳೆದರೆ ಎರಡೂ ಚಕ್ರ ಒಟ್ಟಿಗೇ ನಿಲ್ಲುತ್ತಿದ್ದವು. ಶನಿವಾರ ಕೆಲಸ ಪೂರೈಸಿತು. ಭಾನುವಾರ ಹೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಂಜಿನ್ನಿನ ಸದ್ದು ಕೇಳಿತು. ಬಲಗಾಲಿನಿಂದ ಕಿಕ್ ಹೊಡೆದಿದ್ದಾನೆ. ಬಾಯಿಯ ನೊರೆಯಲ್ಲೇ ಹೊರಗೆ ಓಡಿದಳು. ಅವನು ಆಗಲೇ ಬೀದಿಗಿಳಿದಿದ್ದ. ಬೆನ್ನು ನೆಟ್ಟಗೆ, ಥೇಟ್ ಮೊದಲಿನ ಹಾಗೇ. ಬೈಕು ಮಾತ್ರ ಸ್ವಲ್ಪ ಸ್ವಲ್ಪವೇ ಎಡಕ್ಕೆ ವಾಲುತ್ತಾ ಹೋಗುತ್ತಿತ್ತು. ಎಡಗಡೆ, ಕಾಂಪೌಂಡು ಗೋಡೆಯ ಪಕ್ಕದಲ್ಲಿ, ಅವನ ಹೆಂಡತಿ ನಲ್ಲಿಯಿಂದ ಬಕೆಟ್ಟು ಹಿಡಿದು ಬರುತ್ತಿದ್ದಳು. ಗಂಡನನ್ನು ಬೈಕಿನ ಮೇಲೆ ಕಂಡು ಮೊದಲು ನಕ್ಕಳು.

"ರೀ! ನಿಲ್ಸಿ! ರೀ!"

ದನಿ ಕೇಳಿ ಅವನು ತಲೆ ತಿರುಗಿಸಿದ. ಬಲಗಡೆಗೆ. ಅಲ್ಲಿ ಯಾರೂ ಇರಲಿಲ್ಲ.

ಫೋರ್ಕಿಗೂ ಗೋಡೆಗೂ ನಡುವೆ ಅವಳ ಕಾಲು ಸಿಕ್ಕಿಕೊಂಡಿತು. ಬ್ರೇಕು ಹಿಡಿದಿದ್ದರೆ ನಿಲ್ಲುತ್ತಿತ್ತು. ಹಿಡಿಯಬೇಕು ಅಂತ ಅವನಿಗೆ ಗೊತ್ತೇ ಆಗಲಿಲ್ಲ.

ಮಂಡಿಯ ಕೆಳಗೆ ಎರಡು ಕಡೆ ಮುರಿದಿತ್ತು. ಎರಡು ಆಪರೇಷನ್ ಆಯಿತು. ಮೂರನೆಯ ದಿನ ವಾರ್ಡಿನಲ್ಲಿ ಲೇತಕ್ಕ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಅವಳ ಮುಖ ಒರೆಸುತ್ತಾ ಬಾಯಿಬಿಟ್ಟಳು.

"ನನಗೆ ಗೊತ್ತಿತ್ತು ಕಣಮ್ಮ. ಅವನಿಗೆ ಎಡಗಡೆ ಇರೋದು ಗೊತ್ತಾಗ್ತಿರ್ಲಿಲ್ಲ. ಹದಿನೈದು ದಿನದಿಂದ ಅವನು ಬಿಟ್ಟ ನಟ್ಟೆಲ್ಲ ನಾನೇ ಬಿಗೀತಿದ್ದೆ."

ಹಾಸಿಗೆಯಲ್ಲಿದ್ದವಳು ಅವಳ ಕೈಯನ್ನು ಮುಖದಿಂದ ಸರಿಸಿದಳು.

"ಗೊತ್ತಿದ್ದೂ ನಟ್ಟು ಬಿಗಿ ಮಾಡಿದ್ರಾ ಅತ್ತಿಗೆ?"

ಲೇತಕ್ಕ ಬಟ್ಟೆಯನ್ನು ಮತ್ತೆ ನೀರಿಗದ್ದಿದಳು. ತಮ್ಮನ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು. ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತು.

ತಮ್ಮನಿಗೆ ಡಾಕ್ಟರು ಚಿತ್ರ ಬರೆದು ಬಿಡಿಸಿ ಹೇಳಿದರು: ಕಣ್ಣು ಚೆನ್ನಾಗಿದೆ, ಎಡಗಡೆ ಒಂದು ಲೋಕ ಇದೆ ಅನ್ನೋದನ್ನೇ ಮಿದುಳು ಬಿಟ್ಟುಬಿಟ್ಟಿದೆ ಎಂದು. ಅವನು ವಿಧೇಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡ. ಹೊರಗೆ ಬೆಂಚಿನ ಮೇಲೆ ಕೂತಾಗ ಅಕ್ಕನ ಕೈ ಹಿಡಿದುಕೊಂಡು, "ಅಕ್ಕಾ, ಅವಳು ಅಲ್ಲಿರ್ಲಿಲ್ಲ. ಸುಳ್ಳು ಹೇಳ್ತಿಲ್ಲ. ನಿಜವಾಗ್ಲೂ ಇರ್ಲಿಲ್ಲ" ಎಂದ. ಅವನು ಗೋಡೆಗೆ ತಿರುಗಿ ಮಲಗುತ್ತಾನೆ ಎಂದು ಲೇತಕ್ಕ ಹೆದರಿದ್ದಳು. ಅವನು ಮಲಗಲಿಲ್ಲ. ಅಷ್ಟರ ಮಟ್ಟಿಗೆ ಅವಳ ಹೆದರಿಕೆ ಸುಳ್ಳಾಯಿತು, ಅದೂ ಅವಳನ್ನೇ ಚುಚ್ಚಿತು. ಮೊದಲೇ ಹೇಳಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

ಸಮ್ಮಿಶ್ರವನ್ನು ಬಿಚ್ಚೋಣ ಎಂದವನು ಅವನೇ. ಇಬ್ಬರೂ ಕೂತು ಮೂರು ದಿನದಲ್ಲಿ ಬಿಚ್ಚಿದರು. "ನೀನು ನನ್ನ ಎಡಕ್ಕೆ ಕೂತ್ಕೊ. ಏನಿದೆಯೋ ಹೇಳ್ತಾ ಹೋಗು" ಎಂದ. ಅವಳು ಹೇಳುತ್ತಾ ಹೋದಳು: ಇಲ್ಲೊಂದು ನಟ್ಟಿದೆ, ಇಲ್ಲೊಂದು ಬಳೆ ಇದೆ, ಇಲ್ಲಿ ನಾನಿದೀನಿ. ಫೋರ್ಕು, ಚಕ್ರ, ಎಂಜಿನ್ ಎಲ್ಲವೂ ಬೇರೆ ಬೇರೆ ಗಾಡಿಗಳ ಪಾಲಾಗಿ ಹೋದವು.

ಹೆಂಡತಿ ಊರುಗೋಲಿನೊಂದಿಗೆ ಮನೆಗೆ ಬಂದಳು. ಅವಳ ಕಾಲು ಮೊದಲಿನಂತಾಗುವುದಿಲ್ಲ ಎಂದು ಹೇಳಿಯೇ ಕಳಿಸಿದ್ದರು. ಈಗ ಮನೆಯ ಕೆಲಸವೆಲ್ಲ ಲೇತಕ್ಕನದು. ಬೆಳಿಗ್ಗೆ ಬಂದು ಅಡಿಗೆ ಮಾಡುವಳು, ತಮ್ಮನ ತಟ್ಟೆಯನ್ನು ಊಟದ ನಡುವೆ ಒಂದು ಸಲ ತಿರುಗಿಸಿ ಇಡುವಳು, ಅವನ ಹೆಂಡತಿಯ ಹಾಸಿಗೆ ಕೊಡವುವಳು, ಆಮೇಲೆ ಶೆಡ್ಡಿಗೆ ಹೋಗುವಳು. ತಮ್ಮನ ಹೆಂಡತಿ ಏನು ಬೇಕಾದರೂ ಗಂಡನ ಬಾಯಲ್ಲೇ ಕೇಳಿಸುತ್ತಿದ್ದಳು. ಲೇತಕ್ಕ ಅದಕ್ಕೆ ಬೇಸರಪಡಲಿಲ್ಲ. ಬೇಸರಪಡುವ ಹಕ್ಕು ತನಗಿದೆ ಅಂತ ಅನ್ನಿಸಲಿಲ್ಲ.

ಹೀಗೆ ಏಳು ವಾರ ಕಳೆಯಿತು. ಒಂದು ದಿನ ಬಿಸಿಲು ಜೋರಾಗಿತ್ತು. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಹೊರಗಿನ ಧೂಳು ಒಳಗೆ ಬರದಿರಲಿ ಎಂದು ಲೇತಕ್ಕ ಬಾಗಿಲು ಎಳೆಯುತ್ತಿದ್ದಳು.

"ಬಾಗಿಲು ಹಾಕ್ಬೇಡಿ ಅತ್ತಿಗೆ" ಎಂದಿತು ಒಳಗಿನ ದನಿ. "ಗಾಳಿ ಬರ್ಲಿ."

ಲೇತಕ್ಕ ಬಾಗಿಲು ಬಿಟ್ಟಳು. ಅದು ಮುಚ್ಚಿಕೊಳ್ಳದಂತೆ ಬುಡಕ್ಕೊಂದು ಇಟ್ಟಿಗೆ ಕೊಟ್ಟಳು. ಹೋಗಲೋ ಒಳಗೆ ಬರಲೋ ತಿಳಿಯದೆ ಹೊಸಿಲ ಮೇಲೆಯೇ ಸ್ವಲ್ಪ ಹೊತ್ತು ನಿಂತಿದ್ದಳು.